ಮನೆ ಹಿಂದಿನ ಓಣಿಗಳನ್ನು ನಡೆಯುವವರಿಗೆ ಬಿಟ್ಟುಕೊಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಹಾದುಹೋಗುವ ಕನ್ಸರ್ವೆನ್ಸಿ ಓಣಿಗಳನ್ನು ಏನು ಮಾಡಬೇಕೆಂಬ ಮಾತು ಬಂದಾಗಲೆಲ್ಲ ಎರಡು ಸಲಹೆಗಳು ಕೇಳಿಬರುತ್ತವೆ. ದ್ವಿಚಕ್ರ ವಾಹನಗಳ ನಿಲುಗಡೆಗೆ ಬಿಡಿ ಎನ್ನುವುದು ಒಂದು. ಗೋಡೆಗಳಿಗೆ ಚಿತ್ರ ಬರೆಸಿ ಅಂದಗೊಳಿಸಿ ಎನ್ನುವುದು ಇನ್ನೊಂದು. ಮಲ್ಲೇಶ್ವರದಲ್ಲಿ ಬಹುಕಾಲದಿಂದ ವಾಸವಾಗಿದ್ದು, ಸಂಪಿಗೆ ರಸ್ತೆಗೂ ಮಾರ್ಗೋಸಾ ರಸ್ತೆಗೂ ನಡುವೆ ಕಾಲ್ನಡಿಗೆಯಲ್ಲೇ ಓಡಾಡುವ ನನಗೆ ಮೊದಲನೆಯದು ತಪ್ಪೆಂದೂ ಎರಡನೆಯದು ಸಾಲದೆಂದೂ ಅನ್ನಿಸುತ್ತದೆ. ಓಣಿಯೊಂದರಲ್ಲಿ ಜನ ನಿರ್ಭಯವಾಗಿ, ಇಷ್ಟಪಟ್ಟು ನಡೆಯಬೇಕಾದರೆ ಅಲ್ಲಿ ಹಗಲಿನ ಬಹುಪಾಲು ಹೊತ್ತು ಬೇರೆ ಜನರೂ ಇರಬೇಕು. ಜನರಿರಬೇಕಾದರೆ ಅದರ ಕಡೆಗೆ ಬಾಗಿಲುಗಳು ತೆರೆದಿರಬೇಕು. ಈಗಿರುವ ಸ್ಥಿತಿಯಲ್ಲಿ ಅಲ್ಲಿರುವುದು ಬರೀ ಗೋಡೆ.

ಹೀಗಾಗಿರುವುದು ಆಕಸ್ಮಿಕವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದ ಆಸುಪಾಸಿನ ವರ್ಷಗಳಲ್ಲಿ ರೂಪುಗೊಂಡ ಮಲ್ಲೇಶ್ವರ ಮತ್ತು ಬಸವನಗುಡಿಗಳಲ್ಲಿ ನೇರ ರಸ್ತೆಗಳ ಜೊತೆಗೆ ಮನೆಸಾಲುಗಳ ಹಿಂದೆ ಕಿರಿದಾದ ಓಣಿಗಳನ್ನೂ ಬಿಡಲಾಯಿತು. ಒಳಚರಂಡಿ ಇಲ್ಲದ ಆ ಕಾಲದಲ್ಲಿ ಕಕ್ಕಸುಗಳು ಹಿತ್ತಿಲ ಕೊನೆಗಿದ್ದವು. ಅವುಗಳನ್ನು ಶುಚಿಗೊಳಿಸುವವರು ಈ ಓಣಿಯಿಂದಲೇ ಬಂದು ಓಣಿಯಿಂದಲೇ ಹೋಗಬೇಕಾಗಿತ್ತು. ಅವರು ಮುಂಬಾಗಿಲಲ್ಲಿ ಕಾಣಿಸಿಕೊಳ್ಳಬಾರದೆಂಬ ಜಾತಿಯ ಕಟ್ಟುಪಾಡೂ ಆ ನಕ್ಷೆಯೊಳಗೆ ಸೇರಿಕೊಂಡಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಒಳಚರಂಡಿ ಜಾಲವೂ ಬೆಳೆಯುತ್ತ ಬಂತು. ಓಣಿಗಳಿಗಿದ್ದ ಕೆಲಸ ಮುಗಿಯಿತಾದರೂ ಮನೆಗಳು ಅವುಗಳಿಗೆ ತಿರುಗಿಸಿದ್ದ ಬೆನ್ನು ಮಾತ್ರ ಹಾಗೆಯೇ ಉಳಿಯಿತು. ಯಾರೂ ನೋಡದ ಜಾಗದಲ್ಲಿ ಕಟ್ಟಡದ ಅವಶೇಷ, ಕಸದ ಚೀಲ, ಕೆಟ್ಟುನಿಂತ ಸ್ಕೂಟರು ಬಂದು ಸೇರಿದವು. ಕೆಲವೆಡೆ ಕಾಂಪೌಂಡು ಗೋಡೆಯೇ ಒಂದೆರಡು ಅಡಿ ಮುಂದಕ್ಕೆ ಬಂತು.

ನಿಲುಗಡೆಯ ಸಲಹೆಯನ್ನು ಅಳತೆಯ ಪಟ್ಟಿ ಹಿಡಿದು ನೋಡುವುದು ಒಳ್ಳೆಯದು. ಈ ಓಣಿಗಳಲ್ಲಿ ಅನೇಕವು ಹತ್ತು ಅಡಿಯ ಆಸುಪಾಸಿನ ಅಗಲದವು, ಅಂದರೆ ಸುಮಾರು ಮೂರು ಮೀಟರ್. ಸ್ಕೂಟರುಗಳನ್ನು ಗೋಡೆಗೆ ಮುಖಮಾಡಿ ಸಾಲಾಗಿ ನಿಲ್ಲಿಸಿದರೆ ಎರಡು ಮೀಟರಿಗೆ ಹತ್ತಿರದಷ್ಟು ಜಾಗ ಅವುಗಳಿಗೇ ಹೋಗುತ್ತದೆ. ಮಿಕ್ಕ ಒಂದು ಮೀಟರ್ ಚಿಲ್ಲರೆಯಲ್ಲಿ ನಡೆಯುವವರೂ, ಒಳಗೆ ಬರುವ ಮತ್ತು ಹಿಂದಕ್ಕೆ ತೆಗೆಯುವ ವಾಹನಗಳೂ ಹೊಂದಿಕೊಳ್ಳಬೇಕು. ವಸತಿ ಪ್ರದೇಶದ ಕಾಲುದಾರಿಗೆ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಕನಿಷ್ಠವಾಗಿ ಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯೇ ಹೇಳುತ್ತದೆ. ಹೀಗಿರುವಾಗ ನಿಲುಗಡೆಯೂ ಇರಲಿ, ನಡಿಗೆಯೂ ಇರಲಿ ಎನ್ನುವುದು ಕೇಳಲು ಹಿತವಾದ ರಾಜಿಯೇ ಹೊರತು ಸ್ಥಳದಲ್ಲಿ ಸಾಧ್ಯವಾಗುವಂಥದ್ದಲ್ಲ.

ಇದೇ ಬಗೆಯ ಓಣಿಗಳನ್ನು ಮರಳಿ ಪಡೆದ ನಗರವಾಗಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಮಗೆ ಹತ್ತಿರದ ಉದಾಹರಣೆ. ಅಲ್ಲಿಯೂ ಅಗಲವಾದ ಬೀದಿಗಳ ಹಿಂದೆ ಕಿರುದಾರಿಗಳಿದ್ದವು. ಅಲ್ಲಿಯೂ ಅವು ಮಲ ಸಾಗಿಸಲು, ಸರಕು ಇಳಿಸಲು ಬಳಕೆಯಾಗುತ್ತಿದ್ದವು. 1897ರಿಂದ ಮನೆಗಳಿಗೆ ಒಳಚರಂಡಿಯ ಸಂಪರ್ಕ ದೊರೆಯತೊಡಗಿದ ಬಳಿಕ ಅವು ಕೂಡ ಕಸದ ಡಬ್ಬಗಳ ಪಾಲಾದವು. 1992ರಲ್ಲಿ ನಗರಾಡಳಿತವು ಕೇಂದ್ರ ಭಾಗದಲ್ಲಿ ಜನ ವಾಸಿಸುವಂತೆ ಮಾಡುವ ಯೋಜನೆಯೊಂದನ್ನು ಆರಂಭಿಸಿತು, ಓಣಿಗಳ ಕಡೆಗೆ ಮುಖಮಾಡಿದ ಸಣ್ಣ ಅಂಗಡಿಗಳಿಗೆ ಉತ್ತೇಜನ ನೀಡಿತು. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಅವರ ಜೊತೆಗೂಡಿ ಅದು ನಡೆಸಿದ ಸಮೀಕ್ಷೆಗಳ ಪ್ರಕಾರ, ಜನ ಓಡಾಡುವ, ಚಟುವಟಿಕೆಯಿರುವ ಓಣಿಗಳ ಒಟ್ಟು ಉದ್ದ 1994ರಲ್ಲಿ 300 ಮೀಟರ್ ಇದ್ದದ್ದು 2004ರ ಹೊತ್ತಿಗೆ ಸುಮಾರು 3.4 ಕಿಲೋಮೀಟರಿಗೆ ಏರಿತ್ತು. ಕುಳಿತು ಕುಡಿಯುವ ಸಣ್ಣ ಬಾರುಗಳಿಗೆ ಪರವಾನಗಿ ಸಡಿಲಿಸಿದ್ದೂ ಅಲ್ಲಿ ಒಂದು ಕಾರಣವಾಗಿತ್ತು. ಮಲ್ಲೇಶ್ವರಕ್ಕೆ ಅಷ್ಟರಮಟ್ಟಿನ ಅನುಕರಣೆ ಬೇಡ, ನಮ್ಮ ಕೆಲಸ ಫಿಲ್ಟರ್ ಕಾಫಿಯಲ್ಲೇ ಆಗುತ್ತದೆ. ಗಮನಿಸಬೇಕಾದ್ದೆಂದರೆ, ಪ್ರವಾಸಿಗಳು ಫೋಟೊ ತೆಗೆದುಕೊಳ್ಳುವ ಹೋಸಿಯರ್ ಲೇನ್‌ನ ಗೋಡೆಚಿತ್ರಗಳು ಜಗತ್ತಿಗೆಲ್ಲ ಪರಿಚಿತವಾದರೂ, ನಗರದವರು ನಿತ್ಯ ಬಳಸುವ ಡಿಗ್ರೇವ್ಸ್ ಸ್ಟ್ರೀಟ್‌ನಂಥ ಓಣಿಗಳು ನಿಂತಿರುವುದು ಕಿರಿದಾದ ಅಂಗಡಿಗಳ ತೆರೆದ ಮುಖಗಳ ಮೇಲೆ.

ಮಲ್ಲೇಶ್ವರದ ಕೆಲವು ಓಣಿಗಳನ್ನು ನಿವಾಸಿಗಳೂ ನಗರ ವಿನ್ಯಾಸಕಾರರೂ ಸೇರಿ ಗುಡಿಸಿ, ಬಣ್ಣ ಬಳಿದು, ಅಲ್ಲಿ ಹಬ್ಬ ಮಾಡಿದ್ದುಂಟು. ಆ ಉತ್ಸಾಹವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಓಣಿಯಲ್ಲೂ ಮಕ್ಕಳು ಆಡಬಹುದು ಎಂಬುದನ್ನು ಜನ ಕಣ್ಣಾರೆ ಕಂಡದ್ದು ಅದರಿಂದಲೇ. ಆದರೆ ಹಬ್ಬದ ಮರುದಿನ ಅಲ್ಲಿ ಇರಬೇಕಾದವರು ಯಾರು ಎಂಬ ಪ್ರಶ್ನೆಗೆ ಬಣ್ಣ ಉತ್ತರ ಕೊಡಲಾರದು. ಸಂಪಿಗೆ ರಸ್ತೆಯ ಮಳಿಗೆಗಳ ಹಿಂಬದಿ ಓಣಿಗೆ ತಾಗಿರುವಲ್ಲಿ, ಮಾಲೀಕರು ಇಚ್ಛಿಸಿದರೆ ಹಿಂದಕ್ಕೊಂದು ಬಾಗಿಲು ತೆರೆದು ಸಣ್ಣ ಮಳಿಗೆಯಾಗಿ ಬಾಡಿಗೆಗೆ ಕೊಡಲು ಅನುವಾಗುವಂತೆ ಪಾಲಿಕೆಯು ಕಟ್ಟಡ ನಿಯಮದಲ್ಲೂ ಉದ್ದಿಮೆ ಪರವಾನಗಿಯಲ್ಲೂ ಸ್ಪಷ್ಟ ಅವಕಾಶ ಕಲ್ಪಿಸಬೇಕು. ಮುಖ್ಯ ರಸ್ತೆಯ ಬಾಡಿಗೆ ಕಟ್ಟಲಾರದ ದರ್ಜಿ, ಹಳೆ ಪುಸ್ತಕದವರು, ಕೈಗಡಿಯಾರ ರಿಪೇರಿಯವರು ಅಂಥ ಜಾಗಕ್ಕೆ ಬರುತ್ತಾರೆ. ಇಸ್ತ್ರಿ ಗಾಡಿಯವರು, ಚಪ್ಪಲಿ ಹೊಲಿಯುವವರು ಈಗಾಗಲೇ ಓಣಿಯ ಬಾಯಲ್ಲಿ ಕುಳಿತಿರುವೆಡೆ ಅವರನ್ನು ಎಬ್ಬಿಸುವ ಬದಲು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಸಮೀಕ್ಷೆ ಮಾಡಿ, ಗುರುತಿನ ಚೀಟಿಯನ್ನೂ ನೆರಳನ್ನೂ ಒದಗಿಸಬೇಕು. ಅಭಿವೃದ್ಧಿಯ ಹೆಸರಿನಲ್ಲಿ ಮೊದಲು ಜಾಗ ಕಳೆದುಕೊಳ್ಳುವವರು ಇವರೇ. ಸಂಜೆಯ ಹೊತ್ತು ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಸಿಸಿಟಿವಿ ಕ್ಯಾಮೆರಾಕ್ಕಿಂತ ಹೆಚ್ಚಿನ ಧೈರ್ಯ ಕೊಡುವವರೂ ಇವರೇ.

ಮನೆಗಳ ಹಿಂದೆಯೇ ಹಾದುಹೋಗುವ ಓಣಿಗಳ ವಿಷಯ ಬೇರೆ. ಅಲ್ಲಿ ಮಲಗುವ ಕೋಣೆಯ ಕಿಟಕಿಗಳಿರುತ್ತವೆ, ಅಲ್ಲಿಗೂ ವಿ.ವಿ. ಪುರದ ತಿಂಡಿ ಬೀದಿಯ ಗದ್ದಲ ಬಂದರೆ ಯಾರು ತಾನೇ ಒಪ್ಪುತ್ತಾರೆ? ಇಂಥ ಕಡೆ ವ್ಯಾಪಾರ ಬೇಡ. ಕಣ್ಣು ಕುಕ್ಕದಂತೆ ಗೋಡೆಯೆತ್ತರದಲ್ಲಿ ದೀಪ, ಕೂರಲು ಒಂದೆರಡು ಕಲ್ಲು ಬೆಂಚು, ವಾಹನ ನುಗ್ಗದಂತೆ ಎರಡೂ ತುದಿಗೆ ಗೂಟ ಇಷ್ಟಿದ್ದರೆ ಶಾಲೆಯ ಮಕ್ಕಳಿಗೂ ಹಿರಿಯರಿಗೂ ಮುಖ್ಯ ರಸ್ತೆಯ ದಟ್ಟಣೆ ತಪ್ಪಿಸುವ ಒಳದಾರಿ ಸಿಗುತ್ತದೆ. ಕಳ್ಳಕಾಕರ ಭಯದಿಂದ ಓಣಿಗೆ ಗೇಟು ಹಾಕಿ ಬೀಗ ಜಡಿಯಬೇಕೆನ್ನುವ ನೆರೆಹೊರೆಯವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಬೀಗ ಹಾಕಿದ ಓಣಿ ಕಸಕ್ಕೂ ಒತ್ತುವರಿಗೂ ಇನ್ನಷ್ಟು ಅನುಕೂಲ.

ನೆಲದ ಕೆಲಸದ ಬಗ್ಗೆಯೂ ಒಂದು ಮಾತು. ಓಣಿಯ ದುರಸ್ತಿಯೆಂದರೆ ಹಳೆಯದರ ಮೇಲೆಯೇ ಕಾಂಕ್ರೀಟು ಸುರಿಯುವುದು ನಮ್ಮಲ್ಲಿ ರೂಢಿಯಾಗಿದೆ. ಪ್ರತಿ ಸಲವೂ ನೆಲ ನಾಲ್ಕಾರು ಇಂಚು ಏರಿ ಮಳೆನೀರು ಹಿತ್ತಿಲಿಗೆ ನುಗ್ಗುತ್ತದೆ. ಒಳಚರಂಡಿ ಕಟ್ಟಿಕೊಂಡಾಗ ಕಾಂಕ್ರೀಟನ್ನು ಒಡೆಯಬೇಕಾಗುತ್ತದೆ, ಒಡೆದದ್ದು ಹಾಗೆಯೇ ಉಳಿಯುತ್ತದೆ. ಎತ್ತಿ ಮರಳಿ ಕೂರಿಸಬಹುದಾದ ಚಪ್ಪಡಿ ಕಲ್ಲನ್ನು ಮೊದಲಿನ ಮಟ್ಟದಲ್ಲೇ ಹಾಸಿ, ನೀರು ಹರಿಯಲು ನಡುವೆ ಇಲ್ಲವೇ ಪಕ್ಕಕ್ಕೆ ಇಳಿಜಾರು ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ತುದಿಯ ಗೂಟಗಳು ಕೀಲಿ ತೆಗೆದು ಎತ್ತುವಂತಿದ್ದರೆ ಚರಂಡಿ ಶುಚಿಗೊಳಿಸುವ ಯಂತ್ರಕ್ಕೂ, ತುರ್ತು ಸಂದರ್ಭದಲ್ಲಿ ಆಂಬುಲೆನ್ಸಿಗೂ ಅಡ್ಡಿಯಾಗುವುದಿಲ್ಲ. ಬೆಳಗಿನ ಹೊತ್ತು ಕಸ ಸಂಗ್ರಹಿಸುವ ಪೌರಕಾರ್ಮಿಕರಿಗೆ ಇದೇ ಓಣಿಯಲ್ಲಿ ನೀರು, ಶೌಚಾಲಯ ಮತ್ತು ಕುಳಿತು ಊಟ ಮಾಡಲು ಒಂದು ಕೊಠಡಿ ಇರಬೇಕೆಂಬುದು ನನ್ನ ಆಗ್ರಹ. ಈ ಓಣಿಗಳ ಚರಿತ್ರೆ ಬಲ್ಲವರಿಗೆ ಅದಕ್ಕೆ ಬೇರೆ ಸಮರ್ಥನೆ ಬೇಕಾಗಲಾರದು.

ಇಷ್ಟೆಲ್ಲ ಆದರೂ ಓಣಿಯನ್ನು ನೋಡಿಕೊಳ್ಳುವವರು ಯಾರೆಂಬುದು ತೀರ್ಮಾನವಾಗದಿದ್ದರೆ ಪ್ರಯೋಜನವಿಲ್ಲ. ನೆಲ ಪಾಲಿಕೆಯದು, ಅದರಡಿಯ ಕೊಳವೆ ಜಲಮಂಡಳಿಯದು, ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು, ಅಡ್ಡ ನಿಂತ ವಾಹನ ಸಂಚಾರ ಪೊಲೀಸರಿಗೆ ಸೇರಿದ ವಿಷಯ, ಗೋಡೆ ಖಾಸಗಿಯವರದು. ದೂರು ಕೊಟ್ಟವರು ಈ ಐದೂ ಬಾಗಿಲು ತಟ್ಟಿ ಸುಮ್ಮನಾಗುತ್ತಾರೆ. ಆದೇಶ ಮಾತ್ರದಿಂದ ನಡೆಯುವ ಪ್ರಯೋಗದ ಗತಿಯನ್ನು ಚರ್ಚ್ ಸ್ಟ್ರೀಟ್‌ನಲ್ಲಿ ಕಂಡಿದ್ದೇವೆ. ಪಾದಚಾರಿ ಮಾರ್ಗವನ್ನೂ ನೆಲದಡಿಯ ಕೊಳವೆ, ತಂತಿಗಳನ್ನೂ ಒಟ್ಟಿಗೆ ರೂಪಿಸುವ ಟೆಂಡರ್‌ಶ್ಯೂರ್ ಮಾದರಿಯಲ್ಲಿ ಕಲ್ಲು ಹಾಸಿ 2018ರಲ್ಲಿ ತೆರೆದ ಆ ಬೀದಿಯಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು, ನಗರ ಭೂಸಾರಿಗೆ ನಿರ್ದೇಶನಾಲಯದ ಮುತುವರ್ಜಿಯಿಂದ, ವಾರಾಂತ್ಯಗಳಲ್ಲಿ ವಾಹನ ಸಂಚಾರ ನಿಲ್ಲಿಸಲಾಗಿತ್ತು. ಜನ ಬೀದಿಯ ನಡುವೆಯೇ ನಿರಾಳವಾಗಿ ನಡೆದರು; ಪ್ರಯೋಗದ ಅವಧಿ ಮುಗಿಯುತ್ತಲೇ ವಾಹನಗಳು ಹಿಂತಿರುಗಿದವು. ಓಣಿಗಳಿಗೆ ವಾರಾಂತ್ಯದ ಆದೇಶ ಸಾಲದು, ನೆಲದಲ್ಲಿ ಊರಿದ ಗೂಟ ಬೇಕು ಎಂದು ನಾನು ಹೇಳುತ್ತಿರುವುದು ಇದಕ್ಕಾಗಿಯೇ.

ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ರಚನೆಯಾಗಿವೆ. ಹಳೆಯ ಬಡಾವಣೆಗಳನ್ನು ಒಳಗೊಂಡ ಪಾಲಿಕೆಗಳು ಮೊದಲಿಗೆ ತಮ್ಮ ವ್ಯಾಪ್ತಿಯ ಕನ್ಸರ್ವೆನ್ಸಿ ಓಣಿಗಳನ್ನೆಲ್ಲ ಅಳೆದು, ಮೂಲ ನಕ್ಷೆಯ ಅಗಲವನ್ನೂ ಇಂದಿನ ಅಗಲವನ್ನೂ ಪಕ್ಕಪಕ್ಕದಲ್ಲಿ ನಮೂದಿಸಿದ ಪಟ್ಟಿಯನ್ನು ವಾರ್ಡ್ ಕಚೇರಿಗಳಲ್ಲಿ ಪ್ರಕಟಿಸಲಿ. ಪ್ರತಿ ಓಣಿಯ ಹೊಣೆ ಹೊತ್ತ ಎಂಜಿನಿಯರ್ ಯಾರೆಂಬುದನ್ನು ಓಣಿಯ ಬಾಯಲ್ಲೇ ಫಲಕದಲ್ಲಿ ಬರೆಸಲಿ. ಆ ಪಟ್ಟಿ ಹೊರಬರುವ ತನಕ ಯಾವ ಓಣಿಯನ್ನೂ ವಾಹನ ನಿಲುಗಡೆಗೆ ಗುತ್ತಿಗೆ ಕೊಡಬಾರದು, ಅಕ್ಕಪಕ್ಕದ ಮಾಲೀಕರಿಗೆ ಬಿಟ್ಟುಕೊಡಲೂಬಾರದು ಎಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇತಿ,
ಮಲ್ಲೇಶ್ವರದ ಓದುಗ, ಬೆಂಗಳೂರು