ದೋಸ್ತಗೊಂದು ಪತ್ರ: ಕರ್ಣನಿಗೆ ಬಿರುದು ಕಟ್ಟೂಕಿಂತ ಮೊದಲು

ದೋಸ್ತ,

ಕುಮಾರವ್ಯಾಸನ "ಕೌರವೇಂದ್ರನ ಕೊಂದೆ ನೀನು" ಪದ್ಯದ ಕರ್ಣನ ಪಾತ್ರದ ಬಗ್ಗೆ ನಿನ್ನ ಹುಡುಗರು ಬರದ, ನೀ ಔರಾದದಿಂದ ಕಳಿಸಿದ ಉತ್ತರ ಪತ್ರಿಕೆಗಳ ಫೋಟೋ ನೋಡಿದೆ. "ಕರ್ಣನು ತ್ಯಾಗಿ, ದಾನಶೂರ, ಸ್ವಾಮಿನಿಷ್ಠ, ಪರಾಕ್ರಮಿ." ಎಲ್ಲಾ ಹಾಳಿಯೊಳಗೂ ಅವೇ ನಾಲ್ಕು ಶಬ್ದ. ಆ ಗೈಡ್ ನಮ್ಮ ಗುರುಮಠಕಲ್ ಕಡೀಗೂ ಬರ್ತದ. ನಿನ್ನ ಹುಡುಗರ ಮನಿಮಾತು ಮರಾಠಿ, ನನ್ನವರದು ತೆಲುಗು, ಲಂಬಾಣಿ. ತಮ್ಮದೇ ಶಬ್ದ ಕೈಗೆ ಸಿಗದಿದ್ದಾಗ ಗೈಡಿನ ಶಬ್ದ ಹಿಡೀತಾರ, ಅದು ಸೋಮಾರಿತನ ಅಲ್ಲ. ಮೊದಲ ಪಿರಿಯಡ್ ವಿಶೇಷಣಗಳನ್ನೇ ಬಂದ್ ಮಾಡು. "ಕರ್ಣ ಎಂಥವ?" ಅಂತ ಕೇಳಲೇಬ್ಯಾಡ. "ಇಲ್ಲಿ ಕರ್ಣ ಏನು ಮಾಡಿದ? ಬೆರಳಿಟ್ಟು ತೋರ್ಸು" ಅನ್ನು. ಮನಿಮಾತಿನಾಗ ಹೇಳಿದರೂ ನಡೀತದ, ಬೆರಳು ಮಾತ್ರ ಸಾಲಿನ ಮ್ಯಾಲೇ ಇರಬೇಕು.

ಎಲ್ಲಾರಿಗೂ ಕಾಣೋಹಂಗ ಬರೀಲಿಕ್ಕತ್ತೀನಿ, ಬ್ಯಾರೆ ಕನ್ನಡ ಮಾಸ್ತರರಿಗೂ ಉಪಯೋಗ ಆಗ್ಲಿ.

ನೋಟ್‌ಬುಕ್ಕಿನ ಪುಟಕ್ಕ ಮೂರು ಕಾಲಂ ಹೊಡಸು. ಮೊದಲನೇದರಾಗ ಪದ್ಯದ ಸಾಲು. ಎರಡನೇದರಾಗ ಅದು ಯಾರ ಮಾತು: ಪಾತ್ರ ತಾನೇ ಆಡಿದ್ದೋ, ಎದುರಿನವ ಅಂದದ್ದೋ, ಕವಿ ಹೇಳಿದ್ದೋ. ಮೂರನೇದು "ಇದರಿಂದ ಏನು ತಿಳೀತು", ಅದನ್ನ ಕಡೀತನಕ ಖಾಲಿ ಬಿಡಸು. ನಮ್ಮವರು ಎರಡನೇ ಕಾಲಂ ಹಾರಿಸಿಬಿಡ್ತಾರ, ಬ್ಯಾನಿ ಎಲ್ಲಾ ಅಲ್ಲೇ ಅದ. ಕೃಷ್ಣ ಕರ್ಣನ ಬಗ್ಗೆ ಆಡಿದ್ದೆಲ್ಲಾ ಖರೇ ಅಂತ ಹುಡುಗರು ತಿಳೀತಾರ. ಕೃಷ್ಣಗ ಅಲ್ಲಿ ಒಂದು ಕೆಲಸ ಅದ, ಕರ್ಣನ್ನ ಪಾಂಡವರ ಕಡೀಗೆ ಎಳಕೊಳ್ಳೋದು: ಮೊದಲು ಮೈದುನತನದ ಸಲಿಗಿ ತೋರಿಸಿ ರಥದೊಳಗ ಬಾಜೂಕ ಕೂಡಿಸ್ಕೋತಾನ, ಆಮ್ಯಾಲ ನೀ ಕುಂತಿ ಮಗ, ಪಾಂಡವರ ಅಣ್ಣ ಅಂತ ಹೇಳಿ ರಾಜ್ಯದ ಆಸಿ ಹಚ್ಚತಾನ, ಕಡೀಕ "ಜೀಯ ಹಸಾದ" (ಒಡೆಯಾ, ನಿಮ್ಮ ಕೃಪಾ) ಅನ್ನೋ ಬಾಳೇವು ನಿನಗ್ಯಾಕ ಅಂತ ಸ್ವಾಭಿಮಾನಕ್ಕ ಚುಚ್ಚತಾನ. ಈ ಮೂರು ಹೆಜ್ಜಿ ಬೋರ್ಡ್ ಮ್ಯಾಲ ಬರದರ ಕೃಷ್ಣನ ಪಾತ್ರನೂ ತಾನೇ ಬಿಚ್ಚಕೋತದ.

ಇನ್ನೊಂದು ತೊಡಕು ಟಿವಿಯ ಕರ್ಣ. ಕವಚ-ಕುಂಡಲ ಕೊಟ್ಟ ಅಂತ ಬರೀತಾರ, ಈ ಪದ್ಯಭಾಗದಾಗ ಅದು ಇಲ್ಲೇ ಇಲ್ಲ. ಸಾಲು ತೋರಿಸಲಿಕ್ಕೆ ಆಗದ ಮಾತಿಗೆ ಕಾಲಂದಾಗ ಜಾಗ ಇಲ್ಲ, ಇಷ್ಟೇ ಕಟ್ಟು.

ಈಗ ಕುಮಾರವ್ಯಾಸನ ಆ ಒಂದು ಷಟ್ಪದಿಗೆ ಇಡೀ ಪಿರಿಯಡ್ ಕೊಡು. "ಕೊರಳ ಸೆರೆ ಹಿಗ್ಗಿದವು", ಕಣ್ಣಾಗ ನೀರು ಉಕ್ಕಿತು, "ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ". ಕೊರಳ ನರ, ಕಣ್ಣೀರು ಕೃಷ್ಣಗ ಕಂಡಾವು. ಮನದೊಳಗಿನ ಮಾತು? ಅದು ಕವಿಗೆ, ನಮಗ ಅಷ್ಟೇ ಗೊತ್ತು. ತನ್ನ ಹುಟ್ಟು ತಿಳಿದ ಗಳಿಗ್ಯಾಗ ಅವ ಮೊದಲು ನೆನೆದದ್ದು ತನ್ನನ್ನಲ್ಲ, ತಾಯಿಯನ್ನಲ್ಲ, ಕೌರವನ್ನ. ಮುಂದ ಕೃಷ್ಣ "ಮೌನವೇತಕೆ" ಅಂತಾನ. ಕರ್ಣ ಸುಮ್ಮನಿದ್ದ ಅನ್ನೋದಕ್ಕ ಎದುರಿನವನ ಬಾಯಿಂದ ಬಂದ ಸಾಕ್ಷಿ ಅದು. ಆಮ್ಯಾಲ ಕರ್ಣ ಬಾಯಿ ಬಿಟ್ಟು ಕೃಷ್ಣಗ "ಕೌರವೇಂದ್ರನ ಕೊಂದೆ ನೀನು" ಅಂತಾನ. ಯುದ್ಧ ಇನ್ನೂ ಸುರುನೇ ಆಗಿಲ್ಲ, ಕೌರವ ಜೀವಂತ ಅದಾನ, ಹಂಗಿದ್ರ ಕೊಂದದ್ದು ಹ್ಯಾಂಗ? ಈ ಪ್ರಶ್ನಿ ಕೇಳಿ ನೀ ಸುಮ್ಮನ ನಿಂದರು. ಹಿಂದಿನ ಬೆಂಚಿನವರೂ ತಲಿ ಎತ್ತತಾರ. ಪಾಂಡವರು ತನ್ನ ತಮ್ಮಂದಿರು ಅಂತ ತಿಳಿದ ಮ್ಯಾಲ ಕೊಲ್ಲೋ ಕೈ ಏಳಂಗಿಲ್ಲ, ಆ ಕೈಯನ್ನೇ ನಂಬಿದವ ಅಲ್ಲೇ ಸತ್ತ. ಇದನ್ನ ಅವರೇ ಕಂಡುಹಿಡೀಲಿ, ನೀ ಹೇಳಬ್ಯಾಡ.

ಹತ್ತಿ ಬಿಡಿಸೋ ದಿನದಾಗ ಅರ್ಧ ಕ್ಲಾಸ್ ಹೊಲದಾಗ ಇರ್ತದ. ಅದಕ್ಕ ಒಂದು ಪಿರಿಯಡ್‌ಗೆ ಒಂದೇ ಪದ್ಯ, ಅಂದಿನದು ಅಂದೇ ಮುಗೀಬೇಕು.

ಬರಿಯೋದು ಸರಳ. 4 ಅಂಕಕ್ಕ ಎಂಟು-ಹತ್ತು ವಾಕ್ಯ. ಒಂದು ಸಂದರ್ಭಕ್ಕ, ಆಮ್ಯಾಲ ಮೂರು ಸಾಕ್ಷಿ, ಪ್ರತಿಯೊಂದರ ಬೆನ್ನಿಗೆ ಅದು ತೋರಿಸೋ ಗುಣ, ನಂತರ "ಆದರೂ" ಅಂತ ಸುರು ಆಗೋ ಒಂದು ವಾಕ್ಯ ಕಡ್ಡಾಯ. ಕೌರವನ ಋಣಕ್ಕ ದೇಹ ಕೊಡ್ತೀನಿ ಅಂದವ, ಆದರೂ "ವೀರರೈವರ ನೋಯಿಸೆನು" ಅಂತಾನ. ಎರಡೂ ಒಂದೇ ಉಸಿರಿನಾಗ. ಕಡೀ ವಾಕ್ಯ ಹುಡುಗನ ಸ್ವಂತ ಅಭಿಪ್ರಾಯ, ಅಲ್ಲೇ ವಿಶೇಷಣಕ್ಕ ಬಾಗಿಲಾ ತಗಿ.

ಇಲ್ಲೇ ನನಗ ತಡೀತದ ದೋಸ್ತ. "ಹೊರೆದ ದಾತಾರ" ಅಂತಾನ ಕರ್ಣ, ಸಾಕಿದ ಧಣಿ. ಯಾದಗಿರಿ ಸೀಮಿಯ ಕ್ಲಾಸಿನಾಗ ಮುಂಗಡ ತಗೊಂಡು ಗುಳೆ ಹೋದವರ ಮಕ್ಕಳು ಕೂತಿರ್ತಾರ. ಸಾಕಿದವರ ಸಲುವಾಗಿ ತಲಿ ಕೊಡೋದು ದೊಡ್ಡ ಗುಣ ಅಂತ ಅವರ ಮುಂದ ಬರೀಲಿಕ್ಕೆ ಕೈ ಏಳವಲ್ದು. ಆ ಮಕ್ಕಳು ಕರ್ಣನೊಳಗ ತಮ್ಮ ಅಪ್ಪನ್ನ ನೋಡ್ಲಿಕ್ಕತ್ತಾರೇನೋ ಅನಸ್ತದ, ಆ ಹೆದರಿಕಿ ಮನಿಗೂ ಬೆನ್ನು ಹತ್ತಿ ಬರ್ತದ. ಕರ್ಣನ ಹಿರಿಮಿ ನಿಷ್ಠಾದಾಗ ಅದ ಅಂತ ನಂಬಿದ್ದೆ. ಈಗ ಅವನ ಸಂಕಟದಾಗ ಅದ ಅನಸ್ತದ. ಅದಕ್ಕ ಮೂರನೇ ಕಾಲಂದಾಗ "ಸ್ವಾಮಿನಿಷ್ಠ" ಅಂತ ಬರದವರಿಗೆ ಇನ್ನೊಂದು ಪ್ರಶ್ನಿ ಇಡು: ಇದರ ಬೆಲಿ ಯಾರು ತೆತ್ತರು? ಆಮ್ಯಾಲ ಅವ ಸ್ವಾಮಿನಿಷ್ಠ ಹೌದು ಅಂದರೂ, ಅಲ್ಲ ಅಂದರೂ ಸಾಲು ತೋರಿಸಿದವರಿಗೆ ಪೂರಾ ಅಂಕ.

ಸಾಕು, ಬಜಾರದಾಗ ನಿಂತು ಬಾಳ ಮಾತಾಡಿದೆ. ಸೂಟಿಗೆ ಬರೂಮುಂದ ನೀಲಿ ಛತ್ರಿ ಮರೀಬ್ಯಾಡ, ನಿಮ್ಮ ಅಕ್ಕೋರು ಇನ್ನೂ ಕೇಳ್ತಾರ!

ಮುಂದ ಲಕ್ಷ್ಮೀಶನ "ವೀರಲವ" ಪದ್ಯ ಬರ್ತದ. ಅಲ್ಲಿ ಮಾತಿಗಿಂತ ಕೆಲಸ ಹೆಚ್ಚು: ಮುನಿಮಕ್ಕಳು ಬ್ಯಾಡ ಬ್ಯಾಡ ಅಂದರೂ ಲವ ತನ್ನ ಉತ್ತರೀಯ ರಾಮನ ಯಜ್ಞದ ಕುದುರಿ ಕೊರಳಿಗೆ ಬಿಗಿದು ಬಾಳಿಗಿಡಕ್ಕ ಕಟ್ಟತಾನ. ಓದಸೂಕಿಂತ ಮೊದಲು ಆಡಸು. ಒಂದು ಟವೆಲ್, ಒಂದು ಕಂಬ, ಅಂಜೋರು ನಾಲ್ಕು ಮಂದಿ, ಅಂಜದವ ಒಬ್ಬ, ಅಷ್ಟಿದ್ದರ ಆಯ್ತು.

ನಿನ್ನವ