ಗೆಳೆಯನಿಗೊಂದು ಪತ್ರ: ಅಪ್ಪ ಎಚ್ಚರವಿಲ್ಲದ ನಾಲ್ಕು ಗಂಟೆ

ಪ್ರೀತಿಯ ಗೆಳೆಯಾ,

"ಇಷ್ಟೆಲ್ಲ ಓದಿದವನು ದೇವರನ್ನು ಹೇಗೆ ನಂಬ್ತೀಯೋ?" ಅಂತ ಕೇಳಿದ್ದೆಯಲ್ಲ, ಆವತ್ತು ಫೋನಿನಲ್ಲಿ ಮಾತು ತೇಲಿಸಿಬಿಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಅದಕ್ಕೇ ಈ ಪತ್ರ.

ಅಪ್ಪನ ಆಪರೇಷನ್ ದಿನ ಬೆಳಿಗ್ಗೆ ಒಂದು ಫಾರ್ಮ್ ಕೊಟ್ಟು ಸಹಿ ಹಾಕಿ ಅಂದರು. ನಾಲ್ಕು ಪುಟ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಓದಿದ್ದು ತಲೆಗೆ ಹೋಗುತ್ತಿರಲಿಲ್ಲ. ಅರಿವಳಿಕೆ ಕೊಡುವ ಡಾಕ್ಟರ್ ಪಕ್ಕದಲ್ಲೇ ಇದ್ದರು. "ಎಚ್ಚರ ತಪ್ಪೋದು ಹೇಗೆ ಡಾಕ್ಟ್ರೇ?" ಅಂದೆ. ಭಯಕ್ಕೆ ಏನಾದರೂ ಮಾತಾಡಬೇಕಿತ್ತು, ಅಷ್ಟೇ. ಅವರು ಸ್ವಲ್ಪ ಯೋಚಿಸಿ ಹೇಳಿದರು: "ಎಷ್ಟು ಔಷಧಿ ಕೊಡಬೇಕು, ಹೇಗೆ ವಾಪಸ್ ಎಬ್ಬಿಸಬೇಕು ಅನ್ನೋದು ಚೆನ್ನಾಗಿ ಗೊತ್ತು. ಅರಿವು ಹೇಗೆ ಹೋಗುತ್ತೆ ಅನ್ನೋದು ಇನ್ನೂ ಪೂರ್ತಿ ಗೊತ್ತಿಲ್ಲ."

ಸಹಿ ಹಾಕಿದೆ.

ಎಷ್ಟೋ ದಿನದ ಮೇಲೆ ಓದಿ ತಿಳಿದುಕೊಂಡೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಎಲ್ಲರೆದುರು ಈಥರ್ ಅನ್ನುವ ಅರಿವಳಿಕೆ ಔಷಧಿ ಕೊಟ್ಟು ಆಪರೇಷನ್ ಮಾಡಿ ತೋರಿಸಿದರಂತೆ. ಅಲ್ಲಿಂದ ಇಲ್ಲಿಗೆ ಹತ್ತಿರ ಹತ್ತಿರ 180 ವರ್ಷ. ಇಂಥ ಔಷಧಿಗಳು ಮಿದುಳಿನಲ್ಲಿ ಎಲ್ಲೆಲ್ಲಿ ಕೆಲಸ ಮಾಡುತ್ತವೆ ಅನ್ನುವುದು ಈಗ ಬಹಳಷ್ಟು ತಿಳಿದಿದೆ. ಆದರೆ 'ನಾನು' ಅನ್ನುವುದು ಹೇಗೆ ಆರಿಹೋಗುತ್ತದೆ? ಅರಿವು ಅಂದರೇನು ಅನ್ನುವುದೇ ಇನ್ನೂ ಬಗೆಹರಿದಿಲ್ಲವಲ್ಲ.

ನೀನು ಹೇಳುವುದು ನನಗೆ ಈಗಲೇ ಕೇಳಿಸುತ್ತಿದೆ. ಲಕ್ಷಾಂತರ ಜನ ಎದ್ದಿದ್ದಾರೆ, ಅದು ಅನುಭವ, ನಂಬಿಕೆ ಅಲ್ಲ ಅಂತೀಯ. ನಿಜ ಕಣೋ. ಆದರೆ ಇಲ್ಲಿವರೆಗೆ ಎದ್ದಿದ್ದಾರೆ, ಹಾಗಾಗಿ ಇವತ್ತೂ ಏಳುತ್ತಾರೆ ಅನ್ನುವ ಆ ಹೆಜ್ಜೆ ಇದೆ ನೋಡು, ಅದನ್ನು ಬರೀ ತರ್ಕದಿಂದ ಸಾಧಿಸೋಕೆ ಆಗಲ್ಲ ಅಂತ ತತ್ವಜ್ಞಾನಿ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲೇ ತೋರಿಸಿದ. ಆ ಹೆಜ್ಜೆಯನ್ನು ನೀನೂ ದಿನಾ ಇಡುತ್ತೀಯ.

ಅದೇ 1846ರಲ್ಲಿ ಇನ್ನೊಂದಾಯಿತು. ಯುರೇನಸ್ ಗ್ರಹ ವಿಜ್ಞಾನಿಗಳು ಲೆಕ್ಕ ಹಾಕಿದ ದಾರಿಯಲ್ಲಿ ಹೋಗುತ್ತಿರಲಿಲ್ಲ. ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿರಬೇಕು ಅಂತ ಫ್ರಾನ್ಸಿನ ಖಗೋಳ ವಿಜ್ಞಾನಿ ಲ ವೆರಿಯೇ ಕಾಗದದ ಮೇಲೇ ಅದರ ಜಾಗ ಹೇಳಿದ. ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ದೂರದರ್ಶಕ ತಿರುಗಿಸಿದರೆ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು! ಆಮೇಲೆ ಬುಧನ ದಾರಿಯಲ್ಲೂ ಸಣ್ಣ ವ್ಯತ್ಯಾಸ ಕಂಡಿತು. 1859ರಲ್ಲಿ ಅವನು ಅದೇ ತರ ಬುಧನಿಗೂ ಸೂರ್ಯನಿಗೂ ನಡುವೆ ಏನೋ ಇರಬೇಕು ಅಂದ. ಆ ಗ್ರಹಕ್ಕೆ ವಲ್ಕನ್ ಅಂತ ಹೆಸರೂ ಬಿತ್ತು. ದಶಕಗಟ್ಟಲೆ ಹುಡುಕಿದರು. ಅಲ್ಲಿ ಏನೂ ಇರಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಹೊಸದಾಗಿ ಬರೆದಾಗ ಬುಧನ ಲೆಕ್ಕ ತಾಳೆಯಾಯಿತು.

ಅದೇ ಮನುಷ್ಯ, ಅದೇ ಗಣಿತ. ಒಂದು ಸಲ ಗ್ರಹ ಸಿಕ್ಕಿತು, ಇನ್ನೊಂದು ಸಲ ಬರೀ ಆಕಾಶ. ಅವನ ಮನಸ್ಸಿನೊಳಗೆ ಎರಡು ಸಲವೂ ಭರವಸೆ ಒಂದೇ ತರ ಇದ್ದಿರಬೇಕು, ಅಲ್ವಾ? ಇದು ನನ್ನನ್ನು ತುಂಬಾ ಕಾಡುತ್ತದೆ.

ಹಾಗಾಗಿ ವಿಜ್ಞಾನಕ್ಕೆ ಗೊತ್ತಿಲ್ಲದ ಕಡೆ ದೇವರಿದ್ದಾನೆ ಅಂತ ನಾನು ವಾದ ಮಾಡಲ್ಲ. ಅಲ್ಲಿ ಕೂರಿಸಿದರೆ ನಾಳೆ ಗೊತ್ತಾದ ದಿನ ಎಬ್ಬಿಸಬೇಕಾಗುತ್ತದೆ. ಇನ್ನೊಬ್ಬರ ಮನೆಯ ಸಾವಿನಲ್ಲಿ ನಿಂತು "ಎಲ್ಲ ದೇವರ ಇಚ್ಛೆ" ಅಂತ ಗೊತ್ತಿರುವವರ ಹಾಗೆ ಹೇಳುತ್ತಾರಲ್ಲ, ಅವರ ಮೇಲೆ ನನಗೆ ನಿನಗಿಂತ ಜಾಸ್ತಿ ಸಿಟ್ಟು ಬರುತ್ತದೆ.

ನನ್ನದು ಇಷ್ಟೇ. ಅಪ್ಪನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಕೈ ತಾನಾಗೇ ಜೋಡಿಸಿಕೊಂಡಿತು. ಮೊದಲು "ಉಳಿಸು" ಅಂದೆ. ಎಷ್ಟೋ ಹೊತ್ತಿನ ಮೇಲೆ ಆ ಮಾತೂ ನಿಂತುಹೋಯಿತು. ಏನೇ ಆದರೂ ಈ ಭಾರ ನಾನೊಬ್ಬನೇ ಹೊರುತ್ತಿಲ್ಲ ಅನ್ನಿಸಿತು. ಅದು ಭಯದ ಆಟ ಅಂತೀಯ. ಇರಬಹುದು. ನನ್ನ ವಲ್ಕನ್ ಕೂಡ ಆಗಿರಬಹುದು. ಇಲ್ಲ ಅಂತ ಸಾಧಿಸುವ ದಾರಿ ನನ್ನ ಹತ್ತಿರ ಇಲ್ಲ. ಆದರೆ ಆ ನಾಲ್ಕು ಗಂಟೆ ನನ್ನನ್ನು ಅಲ್ಲಿ ಕೂರಿಸಿದ್ದು ಅದೇ. ಅದನ್ನು ಆಗಿಲ್ಲ ಅಂತ ನಿನಗೆ ಹೇಗೆ ಹೇಳಲಿ?

ಸಂಜೆ ಒಳಗೆ ಬಿಟ್ಟರು. ಅಪ್ಪ ಕಣ್ಣು ಬಿಟ್ಟು ನನ್ನನ್ನೇ ನೋಡಿ, ಒಣಗಿದ ಗಂಟಲಲ್ಲಿ ಕೇಳಿದರು: "ಇನ್ನೂ ಶುರು ಮಾಡಿಲ್ವಾ?"

ನಿನ್ನ ಉತ್ತರಕ್ಕೆ ಕಾಯುತ್ತಿರುತ್ತೇನೆ. ಸುಮ್ನೆ ಒಪ್ಪಿಕೊಂಡು ಬರೀಬೇಡ.

ನಿನ್ನ ಗೆಳೆಯ