ಶುಕ್ರವಾರ ಸಂಜೆಯ ಚೆಕಿಂಗ್ ನಿಲ್ಲಿಸುತ್ತಿದ್ದೇವೆ

ಕೋಲಾರ

ಪ್ರಿಯ ಗ್ರಾಹಕರೇ, ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇನೆ. ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಗ್ಯಾರೇಜಿನಲ್ಲಿ ಶುಕ್ರವಾರ ಸಂಜೆಯ ಚೆಕಿಂಗ್ ಇರುವುದಿಲ್ಲ. ಗುಡ್ಡ ಹತ್ತಲು ಹೊರಡುವ ಹಳೇ ಜೀಪು, ಜಿಪ್ಸಿಗಳನ್ನು ಸೋಮವಾರದಿಂದ ಬುಧವಾರದ ಒಳಗೆ ತಂದು ಬಿಡಬೇಕು. ಗಾಡಿ ಕಡಿಮೆ ಎಂದರೂ ಒಂದು ರಾತ್ರಿ ನಮ್ಮಲ್ಲಿ ನಿಲ್ಲಬೇಕು. ವಾರಕ್ಕೆ ಆರು ಗಾಡಿ ಮಾತ್ರ ತೆಗೆದುಕೊಳ್ಳುತ್ತೇವೆ. ಚಾರ್ಜೂ ಸ್ವಲ್ಪ ಜಾಸ್ತಿ ಆಗುತ್ತದೆ.

‘ನಾಲ್ಕು ಗಿರಾಕಿ ಜಾಸ್ತಿ ಆದ ಕೂಡಲೇ ಇವರಿಗೂ ಜಂಬ ಬಂತು’ ಅಂತ ಕೆಲವರಿಗೆ ಅನ್ನಿಸಬಹುದು. ಅದಕ್ಕೇ ಕಾರಣ ಬಿಡಿಸಿ ಬರೆಯುತ್ತಿದ್ದೇನೆ. ಕಾರಣ ಜಂಬ ಅಲ್ಲ, ತಪ್ಪು. ನಮ್ಮದೇ ತಪ್ಪು.

ಕಳೆದ ಮಳೆಗಾಲದಲ್ಲಿ ಒಂದು ಶುಕ್ರವಾರ, ಅಂಗಡಿ ಮುಚ್ಚುವ ಹೊತ್ತಿಗೆ ಒಂದು ಜಿಪ್ಸಿ ಬಂತು. ನಾಳೆ ಬೆಳಗ್ಗೆ ಐದಕ್ಕೆ ಹೊರಡಬೇಕು, ಸುಮ್ನೆ ಒಂದು ಸಲ ನೋಡಿಬಿಡಿ ಅಂದರು. ನೋಡಿದೆವು. ಎಂಜಿನ್ ಆಯಿಲ್ ಹಾಕಿದೆವು, ಕ್ರಾಸ್‌ಗಳಿಗೆ ಗ್ರೀಸ್ ಹೊಡೆದೆವು, ಯು ಬೋಲ್ಟ್ ಬಿಗಿ ಮಾಡಿದೆವು, ಫ್ಯಾನ್ ಬೆಲ್ಟ್ ಒತ್ತಿ ನೋಡಿದೆವು. ಮುಕ್ಕಾಲು ಗಂಟೆ ಕೆಲಸ. ಬಿಲ್ಲಿನ ಮೇಲೆ ‘ಎಲ್ಲಾ ಚೆಕ್ ಮಾಡಲಾಗಿದೆ’ ಅಂತ ಬರೆದುಕೊಟ್ಟೆವು. ಬರೆದ ಕೈ ನನ್ನದೇ.

ಭಾನುವಾರ ಮಧ್ಯಾಹ್ನ ಫೋನ್. ಒಂದು ಕಲ್ಲಿನ ಏರಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರ್) ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಗ್ಯಾಸ್ ಕೊಟ್ಟಿದ್ದಾರೆ. ಮುಂದಿನ ಚಕ್ರದ ಹತ್ತಿರ ಕಟಕಟ ಅಂದು, ಆಮೇಲೆ ಪಟ್ ಅಂತ ಒಂದು ಸದ್ದು. ಒಳಗೆ ಚಕ್ರ ತಿರುಗಿಸುವ ಜಾಯಿಂಟ್ ಒಡೆದು, ಅದರ ಚೂರು ಸಿಕ್ಕಿಕೊಂಡು ಸ್ಟೀರಿಂಗ್ ಆ ಕಡೆಗೂ ಬರುತ್ತಿಲ್ಲ, ಈ ಕಡೆಗೂ ಬರುತ್ತಿಲ್ಲ. ಜೊತೆಯಲ್ಲಿ ಇಬ್ಬರು ಮಕ್ಕಳು. ಕತ್ತಲಾದ ಮೇಲೆ ಪಕ್ಕದ ಊರಿನ ಟ್ರ್ಯಾಕ್ಟರ್ ಬಂದು ಎಳೆಯಿತು. ಇದೇ ಘಟನೆ ಟಾರ್ ರೋಡಿನಲ್ಲಿ, ಅರವತ್ತರ ಸ್ಪೀಡಿನಲ್ಲಿ ಆಗಿದ್ದರೆ? ಆ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಸೋಮವಾರ ಬಿಚ್ಚಿದೆವು. ಕ್ರೌನ್ (ಆಕ್ಸಲ್ ನಡುವಿನ ದೊಡ್ಡ ಗೇರ್) ಆಯಿಲ್ ಹಾಲು ಜಾಸ್ತಿ ಹಾಕಿದ ಕಾಫಿ ಥರ ಬಂತು. ಮುಂದಿನ ನಕಲ್ (ಚಕ್ರದ ಹತ್ತಿರ ಜಾಯಿಂಟ್ ಕೂರುವ ಗೂಡು) ಒಳಗಿನ ಗ್ರೀಸು ತಿಳಿಸಾರಿನ ಹಾಗೆ ಹರಿಯಿತು. ಜಾಯಿಂಟಿನ ಗುಂಡುಗಳ ಮೇಲೆ ತುಕ್ಕು. ಒಂದು ವಾರದಲ್ಲಿ ಬರುವ ತುಕ್ಕಲ್ಲ ಅದು. ಯಾವತ್ತೋ ನೀರು ಹೊಕ್ಕಿತ್ತು. ಶುಕ್ರವಾರ ರಾತ್ರಿ ನಾವು ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದಾಗಲೂ ಆ ನೀರು ಅಲ್ಲೇ ಇತ್ತು. ಅವರ ಹಣ ವಾಪಸ್ ಕೊಟ್ಟೆವು, ಜಾಯಿಂಟ್ ನಮ್ಮ ಖರ್ಚಿನಲ್ಲಿ ಹಾಕಿದೆವು. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ.

ಯಾಕೆಂದರೆ ಇಂಥ ಗಾಡಿಗಳು ಈಗ ಜಾಸ್ತಿ ಬರುತ್ತಿವೆ. ನಾವು ಗ್ಯಾರೇಜ್ ಶುರು ಮಾಡಿದ ಕಾಲದಲ್ಲಿ ಕೋಲಾರದ ಗಾಡಿಗೆ ಶತ್ರು ಅಂದರೆ ಧೂಳು. ಏರ್ ಫಿಲ್ಟರ್ ತುಂಬಾ ಕೆಂಪು ಮಣ್ಣು. ಕೆರೆ ಅಂಗಳ ಅಂದರೆ ಜಾಲಿ ಬೆಳೆದ ಬಯಲು, ಅಲ್ಲಿ ಗಾಡಿ ಓಡಿಸಿದರೆ ಕೇಳುವವರಿರಲಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಒಂದೊಂದೇ ಕೆರೆಗೆ ಹರಿಯಿತು. 2021ರ ಮಳೆಗೆ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಊರಿಗೆ ಒಳ್ಳೆಯದಾಯಿತು. ಆದರೆ ಕೆರೆ ಪಕ್ಕದ ಬಂಡಿದಾರಿಗಳಲ್ಲಿ, ಕಾಲುವೆಗಳಲ್ಲಿ ಈಗ ಮೊಣಕಾಲುದ್ದ ನೀರು, ಕೆಳಗೆ ಗೋಡು. (ಕೆರೆಯೊಳಗೇ ಗಾಡಿ ಇಳಿಸಬೇಡಿ. ಊರಿನವರು ಬೈಯುತ್ತಾರೆ. ಬೈಯಲೂ ಬೇಕು.)

ನೀರು ಒಳಗೆ ಹೋಗುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಸೀಲ್ ಹೊಸದು, ಆದರೂ ನೀರು ಹೇಗೆ ಹೋಯಿತು ಅಂತ. ಬೆಂಗಳೂರಿನಿಂದ ಇಲ್ಲಿಗೆ ಹೈವೇಯಲ್ಲಿ ಸುಮಾರು 70 ಕಿಲೋಮೀಟರ್. ಅಷ್ಟು ದೂರ ಓಡಿದ ಆಕ್ಸಲ್ ಮುಟ್ಟಿ ನೋಡಿ, ಕೈ ಸುಡುತ್ತದೆ. ಒಳಗಿನ ಗಾಳಿಯೂ ಕಾದು ಹಿಗ್ಗಿರುತ್ತದೆ. ಆ ಬಿಸಿಯಲ್ಲೇ ಸೀದಾ ತಣ್ಣೀರಿಗೆ ಇಳಿಸಿದರೆ ಗಾಳಿ ಕುಗ್ಗುತ್ತದೆ, ಹೊರಗಿನಿಂದ ಏನಾದರೂ ಸೆಳೆದುಕೊಳ್ಳಲು ನೋಡುತ್ತದೆ. ಆಕ್ಸಲ್ ಮೇಲೆ ಬೆರಳು ಗಾತ್ರದ ಬ್ರೀದರ್ ಇರುವುದು ಗಾಳಿ ಆಡಲಿ ಅಂತಲೇ. ಅದರ ಬಾಯಿಗೆ ಮಣ್ಣು ಮೆತ್ತಿದ್ದರೆ ಆಕ್ಸಲ್ ಆಯಿಲ್ ಸೀಲಿನ ಸಂದಿಯಿಂದ ನೀರು ಹೀರುತ್ತದೆ. ಸೀಲ್ ಇರುವುದು ಒಳಗಿನ ಎಣ್ಣೆ ಹೊರಗೆ ಬರದ ಹಾಗೆ ತಡೆಯಲು, ಹೊರಗಿನ ನೀರನ್ನು ತಡೆಯುವುದರಲ್ಲಿ ಅದು ಅಷ್ಟು ಗಟ್ಟಿ ಅಲ್ಲ. ಹಾಗಾಗಿ ನೀರಿಗೆ ಇಳಿಯುವ ಮುಂಚೆ ಹತ್ತು ಹದಿನೈದು ನಿಮಿಷ ಗಾಡಿ ನಿಲ್ಲಿಸಿ, ಟೀ ಕುಡಿಯಿರಿ. ಇನ್ನು ಮೇಲೆ ಚೆಕಿಂಗಿಗೆ ಬಂದ ಪ್ರತಿ ಗಾಡಿಯ ಬ್ರೀದರನ್ನೂ ಬಿಚ್ಚಿ ಊದಿ ನೋಡುತ್ತೇವೆ. ಬೇಕೆಂದವರಿಗೆ ಅದಕ್ಕೆ ರಬ್ಬರ್ ಪೈಪ್ ಹಾಕಿ ಬಾನೆಟ್ ಒಳಗಿನ ಎತ್ತರಕ್ಕೆ ಏರಿಸಿ ಕಟ್ಟುತ್ತೇವೆ. ನನ್ನ ಪ್ರಕಾರ ಹಳೇ ಗಾಡಿಗೆ ಮಾಡಿಸಬೇಕಾದ ಮೊದಲ ಕೆಲಸ ಇದು. ವಿಂಚು, ಲೈಟು, ಸ್ನಾರ್ಕಲ್ ಎಲ್ಲ ಆಮೇಲೆ.

ಗಾಡಿ ಒಂದು ರಾತ್ರಿ ನಿಲ್ಲಬೇಕು ಅನ್ನುವುದೂ ಇದಕ್ಕೇ. ಓಡಿ ಬಂದ ಗಾಡಿಯಲ್ಲಿ ನೀರು, ಎಣ್ಣೆ ಕಲಸಿಕೊಂಡಿರುತ್ತವೆ. ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಂತರೆ ಎಣ್ಣೆಯಿಂದ ಬೇರ್ಪಡುವ ನೀರಿದ್ದರೆ ಅದು ತಳಕ್ಕೆ ಇಳಿಯುತ್ತದೆ. ಬೆಳಗ್ಗೆ ಡ್ರೈನ್ ಬೋಲ್ಟನ್ನು ಒಂದು ಸುತ್ತು ಸಡಿಲ ಮಾಡಿದರೆ ಮೊದಲು ನೀರೇ ತೊಟ್ಟಿಕ್ಕುತ್ತದೆ. ಪೂರ್ತಿ ಕಲಸಿಹೋಗಿದ್ದರೆ ಬಣ್ಣವೇ ಹೇಳುತ್ತದೆ. ಹಾಗೆಯೇ ತಣ್ಣಗಿರುವ ಡೀಸೆಲ್ ಎಂಜಿನ್ ಮೊದಲ ಸ್ಟಾರ್ಟಿಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಯಾವ ಬಣ್ಣದ ಹೊಗೆ ಬಿಡುತ್ತದೆ ಅನ್ನುವುದೂ ಬೆಳಗ್ಗೆಯೇ ಗೊತ್ತಾಗುವುದು. ನೀವು ಬಿಸಿ ಗಾಡಿ ತಂದು ನಿಲ್ಲಿಸಿದರೆ ಯಾವ ಎಂಜಿನ್ನೂ ಚೆನ್ನಾಗೇ ಇರುತ್ತದೆ.

ಇನ್ನೊಂದು ಕಾರಣ ಸಾಮಾನು. 1985ರಲ್ಲಿ ಬಂದ ಜಿಪ್ಸಿ 2019ರ ಹೊತ್ತಿಗೆ ನಿಂತುಹೋಯಿತು. ಮಹೀಂದ್ರಾದ ಎಂಎಂ 540 ಜೀಪು ನಿಂತು ಇನ್ನೂ ಎಷ್ಟೋ ವರ್ಷ ಆಯಿತು. ಬೇರಿಂಗು, ಸೀಲು ಬೇಕೆಂದರೆ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಬೇಕು.  ಶುಕ್ರವಾರ ರಾತ್ರಿ ದೋಷ ಕಂಡರೂ ನಮ್ಮ ಕೈಯಲ್ಲಿ ಏನಿರುತ್ತದೆ? ಒಂದೋ ಹಳೇದನ್ನೇ ಹಾಕಿ ಕಳಿಸಬೇಕು, ಇಲ್ಲ ನಿಮ್ಮ ಪ್ರಯಾಣ ಕೆಡಿಸಬೇಕು. ಸಿಗದ ಬುಷ್‌ಗಳನ್ನು ನಮಗೆ ಲೇತಿನಲ್ಲಿ ತಿರುಗಿಸಿ ಕೊಡುವ ಹಿರಿಯರೊಬ್ಬರು ಕೆ.ಜಿ.ಎಫ್.ನಲ್ಲಿದ್ದಾರೆ. ಗಣಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಮನೆ ಪಕ್ಕದಲ್ಲೇ ಲೇತ್ ಹಾಕಿಕೊಂಡರು. ಅವರ ಕೈಯ ಅಳತೆ ತಪ್ಪುವುದಿಲ್ಲ, ಆದರೆ ಅವರನ್ನು ಅವಸರಪಡಿಸಿದರೆ ಫೋನ್ ಇಟ್ಟುಬಿಡುತ್ತಾರೆ. ಅವರಿಗೂ ಎರಡು ದಿನ ಬೇಕು.

ಈಗ ಹಣದ ವಿಷಯ. ಬಿಚ್ಚಿ ನೋಡುವುದಕ್ಕೆ 1,500 ರೂಪಾಯಿ. ಆಮೇಲೆ ನಮ್ಮಲ್ಲೇ ಕೆಲಸ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಏನು ಕಂಡಿತು ಅಂತ ಫೋಟೊ ಸಮೇತ ವಾಟ್ಸಾಪ್ ಮಾಡುತ್ತೇವೆ. ನೀವು ಹೂಂ ಅಂದ ಮೇಲೇ ಮುಂದಿನ ಕೆಲಸ. ತೆಗೆದ ಹಳೇ ಸಾಮಾನನ್ನು ಚೀಲದಲ್ಲಿ ಹಾಕಿ ಸೀಟಿನ ಕೆಳಗೆ ಇಟ್ಟಿರುತ್ತೇವೆ. ಬಿಲ್ಲಿನಲ್ಲಿ ಇನ್ನು ‘ಎಲ್ಲಾ ಚೆಕ್’ ಅನ್ನುವ ಮಾತು ಇರುವುದಿಲ್ಲ. ಏನು ಬಿಚ್ಚಿದೆವು, ಏನು ಬಿಚ್ಚಲಿಲ್ಲ, ಎರಡನ್ನೂ ಬರೆಯುತ್ತೇವೆ.

ಎಣ್ಣೆಯ ಖರ್ಚು ಕೂಡ ಏರುತ್ತದೆ. ಒಂದೇ ಡಬ್ಬಿಯ ಗೇರ್ ಆಯಿಲನ್ನು ಗೇರ್‌ಬಾಕ್ಸಿಗೂ ಕ್ರೌನಿಗೂ ಸುರಿಯುವ ಅಭ್ಯಾಸ ಬಹಳ ಕಡೆ ಇದೆ, ಮೊದಲು ನಮ್ಮಲ್ಲೂ ಇತ್ತು. ಕ್ರೌನಿನ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿರುಗುತ್ತವೆ, ಅದಕ್ಕೆ ಜಿಎಲ್ 5 ದರ್ಜೆಯ ಎಣ್ಣೆ ಬೇಕು. ಹಳೇ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳಿಗೆ ಅದೇ ಎಣ್ಣೆ ಒಗ್ಗುವುದಿಲ್ಲ, ಅಲ್ಲಿಗೆ ಜಿಎಲ್ 4. ಇನ್ನು ಎರಡು ಡಬ್ಬಿ, ಎರಡು ಲೆಕ್ಕ.

ಫೋರ್ ವೀಲ್ ಲಿವರ್ ಸಿಕ್ಕಿಕೊಂಡಿದೆ ಅಂತ ತಿಂಗಳಿಗೆ ಎರಡು ಮೂರು ಗಾಡಿ ಬರುತ್ತವೆ. ಅದಕ್ಕೆ ನಮಗೆ ಹಣ ಕೊಡಬೇಡಿ. ಈ ಗಾಡಿಗಳಿಗೆ ಹಿಂದಿನ ಆಕ್ಸಲ್ಲಿಗೂ ಮುಂದಿನದಕ್ಕೂ ನಡುವೆ ಡಿಫರೆನ್ಷಿಯಲ್ (ಎರಡೂ ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಇಲ್ಲ. ಟಾರ್ ರೋಡಿನಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು, ಹಿಂದಿನದು ಬಿಡುವುದಿಲ್ಲ. ಒಳಗೆಲ್ಲ ಹಗ್ಗ ಹುರಿ ಹಾಕಿದ ಹಾಗೆ ಬಿಗಿಯುತ್ತದೆ. ನೇರವಾಗಿ ನಾಲ್ಕು ಮಾರು ರಿವರ್ಸ್ ತೆಗೆದರೆ ಹೆಚ್ಚಿನ ಸಲ ಲಿವರ್ ತಾನೇ ಬಿಟ್ಟುಕೊಳ್ಳುತ್ತದೆ. ಹಾಗಂತ ಫೋರ್ ವೀಲ್ ಮುಟ್ಟದೇ ವರ್ಷಗಟ್ಟಲೆ ಬಿಡುವುದೂ ತಪ್ಪು. ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಅರ್ಧ ಕಿಲೋಮೀಟರ್ ಓಡಿಸಿ.

ಗಾಡಿ ಎತ್ತರಿಸುವುದು, ದಪ್ಪ ಟೈರ್ ಹಾಕಿಸುವುದು ಇವನ್ನು ನಾವು ಮಾಡುವುದಿಲ್ಲ. ಆರ್‌ಸಿಯಲ್ಲಿ ಇರುವಂತೆ ಗಾಡಿ ಇರಬೇಕು ಅಂತ ಕಾಯ್ದೆ ಇದೆ. ಇದರ ಬಗ್ಗೆ ಚೌಕಾಸಿ ಬೇಡ.

ತೋಟದ ಜೀಪಿನವರು ಗಾಬರಿ ಆಗಬೇಡಿ. ಟೊಮ್ಯಾಟೊ ಬಾಕ್ಸ್ ಹೇರಿಕೊಂಡು ಮಂಡಿಗೆ ಹೊರಟ ಗಾಡಿ ದಾರಿಯಲ್ಲಿ ನಿಂತರೆ ಅದಕ್ಕೆ ವಾರ, ದಿನ ನೋಡುವುದಿಲ್ಲ. ಬ್ರೇಕ್ ಹೋಗಿದೆ, ಕ್ಲಚ್ ಹೋಗಿದೆ ಅಂದರೆ ಶುಕ್ರವಾರ ರಾತ್ರಿಯಾದರೂ ಮೇಸ್ತ್ರಿ ಬರುತ್ತಾರೆ. ನಿಲ್ಲಿಸಿರುವುದು ಶೋಕಿ ಪ್ರಯಾಣದ ಹಿಂದಿನ ರಾತ್ರಿಯ ಚೆಕಿಂಗ್ ಮಾತ್ರ. ಈಗಾಗಲೇ ಶುಕ್ರವಾರಕ್ಕೆ ಹೇಳಿಟ್ಟವರಿಗೆ ನಾವೇ ಫೋನ್ ಮಾಡಿ ಬೇರೆ ದಿನ ಕೊಡುತ್ತೇವೆ.

ಒಂದು ಸಣ್ಣ ಕೋರಿಕೆ. ಗಾಡಿ ತರುವ ಮುಂಚೆ ದಯವಿಟ್ಟು ವಾಟರ್ ಸರ್ವಿಸ್ ಮಾಡಿಸಬೇಡಿ. ಎಣ್ಣೆ ಎಲ್ಲಿಂದ ಸೋರುತ್ತಿದೆ ಅನ್ನುವುದು ಆ ಕೊಳೆಯ ಮೇಲೇ ಕಾಣುವುದು. ಹಾಗೇ ತನ್ನಿ, ಹೋಗುವಾಗ ನಾವೇ ತೊಳೆದು ಕೊಡುತ್ತೇವೆ.

ಇಂತಿ ನಿಮ್ಮ,
ಗ್ಯಾರೇಜಿನವರು